ಹತ್ತು ಮೀಟರ್ ಏರ್ ಪಿಸ್ತೂಲು: ಗುಂಡೆಲ್ಲ ಎಡಕ್ಕೆ ಕೆಳಗೇ ಬೀಳುತ್ತಿದೆ, ಗ್ರಿಪ್ಪಾ ಟ್ರಿಗರ್ರಾ?

ತಿಪಟೂರು ಹೈದ:
ಎಲ್ಲರಿಗೂ ನಮಸ್ಕಾರ. ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ಸಿಂಗಲ್ ಸ್ಟ್ರೋಕ್ (ಲಿವರ್ ಒಂದೇ ಸಲ ಒತ್ತಿ ಗಾಳಿ ತುಂಬುವ) ಏರ್ ಪಿಸ್ತೂಲು ತಗೊಂಡು ಎಂಟು ತಿಂಗಳಾಯಿತು. ಕಂಪನಿ ಹೆಸರು ಬೇಡ, ತಪ್ಪು ಅದರದ್ದಲ್ಲ ಅಂತ ನನಗೇ ಅನುಮಾನ. ಲಕ್ಷಗಟ್ಟಲೆ ಕೊಟ್ಟು ಮ್ಯಾಚ್ ಪಿಸ್ತೂಲು ತರುವ ಶಕ್ತಿ ಇಲ್ಲ, ಇದನ್ನೇ ಸರಿ ಮಾಡಿಕೊಂಡು ಆಡಬೇಕು. ಪ್ರಾಕ್ಟೀಸ್ ಮಾಡುವುದು ನಮ್ಮ ಕೊಬ್ಬರಿ ಅಟ್ಟದ ಕೆಳಗೆ. ಕಾಯಿ ವರ್ಷಪೂರ್ತಿ ಮೇಲೆ ಒಣಗುತ್ತಿರುತ್ತದೆ, ಕೆಳಗೆ ಗೋಡೆಯಿಂದ ಗೋಡೆಗೆ ಹನ್ನೆರಡು ಮೀಟರ್ ಜಾಗ ಖಾಲಿ.

ತೊಂದರೆ ಎರಡು. ನಾನು ಬಲಗೈಯವನು, ಗುಂಡೆಲ್ಲ ಗಡಿಯಾರದ ಏಳು ಗಂಟೆ ಕಡೆಗೇ ಹೋಗುತ್ತಿದೆ. ರಿಯರ್ ಸೈಟ್ (ಗುರಿ ನೋಡುವ ಹಿಂದಿನ ಕಂಡಿ) ಬಲಕ್ಕೂ ಮೇಲಕ್ಕೂ ತಿರುಗಿಸಿದೆ, ಅವತ್ತು ಸರಿ ಹೋಯಿತು, ಮಾರನೇ ದಿನ ಎಲ್ಲ ಮೂರು ಗಂಟೆಗೆ! ಎರಡನೇದು, ಟ್ರಿಗರ್ ಗಟ್ಟಿ ಅನಿಸಿ ಒಳಗಿನ ಸ್ಪ್ರಿಂಗ್‌ನ ಒಂದು ಸುತ್ತು ಕಟ್ ಮಾಡಿಸಿದೆ. ಹೋದ ತಿಂಗಳು ಒಂದು ಮ್ಯಾಚ್‌ಗೆ ಹೋದರೆ ಟ್ರಿಗರ್ ತೂಕದ (ಟ್ರಿಗರ್ ಬಿಡಲು ಬೇಕಾದ ಒತ್ತಡದ) ಪರೀಕ್ಷೆಯಲ್ಲೇ ಫೇಲು. ಬಸ್ ಚಾರ್ಜು, ಎಂಟ್ರಿ ಫೀಸು ಎರಡೂ ನೀರು ಪಾಲು.

ಕೆಜಿಎಫ್ ಫಿಟ್ಟರ್:
ಗುರು, ಮೊದಲು ಸೈಟ್ ಸ್ಕ್ರೂ ಮುಟ್ಟುವುದು ನಿಲ್ಲಿಸಿ. ಒಂದು ಮೇಜಿನ ಮೇಲೆ ಮರಳಿನ ಚೀಲ ಇಟ್ಟು, ಪಿಸ್ತೂಲು ಅದರ ಮೇಲೆ ಕೂರಿಸಿ ಹತ್ತು ಗುಂಡು ಹೊಡೆಯಿರಿ. ಗುಂಪಾಗಿ ಒಂದೇ ಕಡೆ ಬಿದ್ದರೆ ಪಿಸ್ತೂಲು ಸರಿಯಾಗೇ ಇದೆ, ತೊಂದರೆ ನಿಮ್ಮ ಕೈಗೂ ಗ್ರಿಪ್ಪಿಗೂ ನಡುವೆ. ಅಲ್ಲೂ ಚದುರಿದರೆ ಆಮೇಲೆ ಪೆಲೆಟ್ (ಅದೇ ಪುಟ್ಟ ಸೀಸದ ಗುಂಡು), ಸೀಲ್, ಬ್ಯಾರಲ್ ಕಡೆ ನೋಡೋಣ. ಪೆಲೆಟ್ ಚಪ್ಪಟೆ ತಲೆಯದೇ ತಾನೆ? ಚೂಪು ತಲೆಯದು ಗುರಿಯ ಕಾರ್ಡನ್ನು ಹರಿಯುತ್ತದೆ, ಚಪ್ಪಟೆಯದು ಪಂಚಿಂಗ್ ಮಷಿನ್ ಥರ ದುಂಡಗೆ ಕತ್ತರಿಸುತ್ತದೆ.

ಸ್ಪ್ರಿಂಗ್ ಕಟ್ ಮಾಡಿದ್ದು ಮಾತ್ರ ಓದಿ ಹೊಟ್ಟೆ ಉರಿಯಿತು. ಹತ್ತು ಮೀಟರ್ ಏರ್ ಪಿಸ್ತೂಲಿಗೆ ಟ್ರಿಗರ್ ತೂಕ ಕಡಿಮೆ ಅಂದರೂ 500 ಗ್ರಾಂ ಇರಲೇಬೇಕು. ಸ್ಪ್ರಿಂಗ್ ಕತ್ತರಿಸಿ ಸಡಿಲ ಮಾಡಿದ ಟ್ರಿಗರ್ ಜೋರಾಗಿ ಕೆಳಗಿಟ್ಟರೆ ತಾನೇ ಬಿಟ್ಟುಕೊಂಡರೂ ಬಿಟ್ಟುಕೊಂಡೀತು. ಹೊಸ ಸ್ಪ್ರಿಂಗ್ ತರಿಸಿ ಹಾಕಿ, ಬೇರೆ ದಾರಿ ಇಲ್ಲ. ತೂಕದ ಸ್ಕ್ರೂ ಬಿಟ್ಟು ಒಳಗಿನ ಕೊಂಡಿ ಹಿಡಿಯುವ ಸ್ಕ್ರೂಗೆ ಕೈ ಹಾಕಲೇಬೇಡಿ.

ತಿಪಟೂರು ಹೈದ:
ಮರಳಿನ ಚೀಲ ಇರಲಿಲ್ಲ, ರಾಗಿ ಚೀಲದ ಮೇಲೆ ಇಟ್ಟು ಹೊಡೆದೆ. ಹತ್ತೂ ಒಂದು ರೂಪಾಯಿ ನಾಣ್ಯದ ಕೆಳಗೆ ಮುಚ್ಚಿ ಹೋಯಿತು! ಅಂದರೆ ತಪ್ಪು ನಂದೇ. ಬೇಜಾರಾಗಬೇಕೋ ಖುಷಿ ಪಡಬೇಕೋ ಗೊತ್ತಾಗಲಿಲ್ಲ.

ಶಿಡ್ಲಘಟ್ಟ ಮೇಡಂ:
ಖುಷಿ ಪಡಿ, ದುಡ್ಡು ಉಳಿಯಿತು. ಈಗ ಪೆಲೆಟ್ ಇಲ್ಲದೆ ಬಿಳಿ ಗೋಡೆಗೆ ಗುರಿ ಹಿಡಿದು ಟ್ರಿಗರ್ ಎಳೆಯಿರಿ. ಗಾಳಿ ತುಂಬದೆ ಬರೀ ಟ್ರಿಗರ್ ಏರಿಸಲು ನಿಮ್ಮ ಮಾಡೆಲ್‌ನಲ್ಲಿ ಆಗುತ್ತದಾ ಅಂತ ಮ್ಯಾನುಯಲ್‌ನಲ್ಲಿ ನೋಡಿಕೊಳ್ಳಿ. ಕಣ್ಣು ಫ್ರಂಟ್ ಸೈಟ್ (ಬ್ಯಾರಲ್ ತುದಿಯ ಗುರಿಕಡ್ಡಿ) ಮೇಲೇ ಇರಲಿ. ಟಕ್ ಅಂದ ಕ್ಷಣ ಅದು ಎಡಕ್ಕೆ ಕುಸಿಯುತ್ತದಾ ನೋಡಿ.

ಕುಸಿದರೆ ತೋರುಬೆರಳನ್ನು ಗಮನಿಸಿ. ಬೆರಳಿನ ಬುಡ ಗ್ರಿಪ್ಪಿನ ಮರಕ್ಕೆ ತಾಗುತ್ತಿದೆಯಾ? ತಾಗಿದರೆ ಟ್ರಿಗರ್ ಎಳೆದಾಗಲೆಲ್ಲ ಬೆರಳು ಮರವನ್ನೂ ಎಡಕ್ಕೆ ತಳ್ಳುತ್ತದೆ. ಬೆರಳಿಗೂ ಮರಕ್ಕೂ ಮಧ್ಯೆ ಒಂದು ಪೋಸ್ಟ್ ಕಾರ್ಡ್ ಸಲೀಸಾಗಿ ಓಡಾಡಬೇಕು. ಟ್ರಿಗರ್ ಮೇಲೆ ಬೆರಳಿನ ಮೊದಲ ಗಂಟಿನ ಮೆತ್ತನೆ ಭಾಗ ಮಾತ್ರ ಇರಲಿ.

ಒಂದು ಮಾತು ಮರೆತೆ. ಮೇಲೆ ಕೊಬ್ಬರಿ ಇದೆ ಅಂದಿರಿ. ಪೆಲೆಟ್ ಸೀಸದ್ದು, ಕೈ ತೊಳೆಯದೆ ಕಾಯಿ ಮುಟ್ಟಬೇಡಿ. ಗುರಿಯ ಹಿಂದೆ ಬರೀ ಗೋಡೆ ಇದ್ದರೆ ಪೆಲೆಟ್ ವಾಪಸ್ ಹಾರುತ್ತದೆ, ಪೆಟ್ಟಿಗೆಯಲ್ಲಿ ಹಳೇ ಬಟ್ಟೆ ಬಿಗಿಯಾಗಿ ತುರುಕಿ ಇಡಿ. ಕನ್ನಡಕ ಹಾಕಿಕೊಳ್ಳಿ.

ತಿಪಟೂರು ಹೈದ:
ಅಕ್ಕ, ನೂರಕ್ಕೆ ನೂರು ಅದೇ. ಗ್ರಿಪ್ಪು ದೊಡ್ಡ ಕೈಯವರಿಗೆ ಮಾಡಿದ್ದು, ನನ್ನ ಕೈ ಚಿಕ್ಕದು. ಟ್ರಿಗರ್ ಮುಟ್ಟಬೇಕು ಅಂತ ಅಂಗೈಯನ್ನೇ ಸುತ್ತಿ ತಿರುಗಿಸಿ ಹಿಡಿಯುತ್ತಿದ್ದೆ. ಒಂದೊಂದು ದಿನ ಒಂದೊಂದು ಥರ ಹಿಡಿತ, ಅದಕ್ಕೇ ದಿನಕ್ಕೊಂದು ಕಡೆ ಗುಂಡು. ಈಗ ಎಲ್ಲಿ ಕೆರೆಯಬೇಕು, ಎಲ್ಲಿ ತುಂಬಬೇಕು?

ಕೆಜಿಎಫ್ ಫಿಟ್ಟರ್:
ಕೆರೆಯುವುದು ಆಮೇಲೆ, ಮೊದಲು ಗುರುತು ಮಾಡಿ. ಅಂಗೈಗೆ ಸೀಮೆಸುಣ್ಣದ ಪುಡಿ ಸವರಿ ಪಿಸ್ತೂಲು ಹಿಡಿದು ಬಿಡಿ. ಬಿಳಿ ಹತ್ತಿದ ಕಡೆ ತಾಗುತ್ತಿದೆ, ಹತ್ತದ ಕಡೆ ಪೊಳ್ಳು. ಹೆಬ್ಬೆರಳು ತೋರುಬೆರಳಿನ ನಡುವಿನ ಕವೆ ಜಾಗದಲ್ಲೂ ತೋರುಬೆರಳಿನ ಬುಡದಲ್ಲೂ ಅರದಿಂದ ಸ್ವಲ್ಪ ಸ್ವಲ್ಪವೇ ಉಜ್ಜಿ, ಐದು ಸಲ ಉಜ್ಜಿದರೆ ಒಂದು ಸಲ ಹಿಡಿದು ನೋಡಿ. ತೆಗೆದ ಮರ ವಾಪಸ್ ಬರುವುದಿಲ್ಲ ಅಲ್ವಾ.

ಪೊಳ್ಳು ಜಾಗಕ್ಕೆ ಎಂ-ಸೀಲ್ ಸಾಕು. ಚೆನ್ನಾಗಿ ನಾದಿ ಮೆತ್ತಿ, ಮೇಲೆ ತೆಳು ಪ್ಲಾಸ್ಟಿಕ್ ಕವರ್ ಹೊದಿಸಿ, ನಿಂತುಕೊಂಡು ಕೈ ಚಾಚಿ ನಿಜವಾಗಿ ಗುರಿ ಹಿಡಿದ ಹಾಗೇ ಹಿಡಿಯಿರಿ. ಕೂತು ಹಿಡಿದರೆ ಮಣಿಕಟ್ಟಿನ ಕೋನ ಬೇರೆ ಬರುತ್ತದೆ. ನಾನು ಮೊದಲ ಸಲ ಕವರ್ ಹಾಕದೆ ಹಿಡಿದು, ಅಂಗೈ ಬಿಡಿಸಿಕೊಳ್ಳಲು ಸಂಜೆಯವರೆಗೂ ಕೊಬ್ಬರಿ ಎಣ್ಣೆ ತಿಕ್ಕಿದ್ದೆ. ನಿಮ್ಮೂರಲ್ಲಿ ಎಣ್ಣೆಗೇನು ಬರ ಇಲ್ಲ ಬಿಡಿ.

ತುಮಕೂರು 10.9:
ಕೆಳಗಡೆ ಅಂಗೈ ಕೂರುವ ಹಲಗೆ ಇದೆಯಲ್ಲ, ಅಲ್ಲಿ ಹುಷಾರು. ಅದು ಗ್ರಿಪ್ಪಿಗೆ 90 ಡಿಗ್ರಿಗಿಂತ ಕಡಿಮೆ ಕೋನದಲ್ಲಿ ಇರಬಾರದು, ಅಂಚು ಮೇಲಕ್ಕೆ ಬಾಗಿ ಕೈಯನ್ನು ಕಚ್ಚಿ ಹಿಡಿಯಬಾರದು. ಮಣಿಕಟ್ಟಿಗೆ ಆಸರೆ ಸಿಗುವ ಹಾಗೆ ಏನೂ ಇರಬಾರದು. ಪಿಸ್ತೂಲಿನ ಒಟ್ಟು ತೂಕ 1500 ಗ್ರಾಂ ದಾಟಬಾರದು, ಇಡೀ ಪಿಸ್ತೂಲು 420, 200, 50 ಮಿಲಿಮೀಟರ್ ಅಳತೆಯ ಪೆಟ್ಟಿಗೆಯಲ್ಲಿ ಕೂರಬೇಕು. ಎಂ-ಸೀಲ್ ಮೆತ್ತುವವರು ಆ 50ರಲ್ಲೇ ಸಿಕ್ಕಿಹಾಕಿಕೊಳ್ಳುವುದು, ಅಡ್ಡ ಅಗಲ ಗೊತ್ತಿಲ್ಲದೇ ಜಾಸ್ತಿ ಆಗಿರುತ್ತದೆ.

ಟ್ರಿಗರ್ ಪರೀಕ್ಷೆ ಮನೆಯಲ್ಲೇ ಮಾಡಿಕೊಂಡು ಹೋಗಿ. ಪೆಲೆಟ್ ಇಲ್ಲ ಅಂತ ಎರಡು ಸಲ ನೋಡಿ, ಗಾಳಿ ತುಂಬಿ, ಬ್ಯಾರಲ್ ನೇರ ಮೇಲಕ್ಕೆ ಮಾಡಿ, ಟ್ರಿಗರ್‌ಗೆ ತಂತಿಯ ಕೊಕ್ಕೆ ಹಾಕಿ ಅರ್ಧ ಕೆಜಿ ಬಟ್ಟು ನೇತುಹಾಕಿ ನಿಧಾನ ಎತ್ತಿ. ಬಟ್ಟು ನೆಲ ಬಿಡಬೇಕು, ಟ್ರಿಗರ್ ಬಿಡಬಾರದು. ಸರಿಯಾಗಿ 500ಕ್ಕೇ ನಿಲ್ಲಿಸಬೇಡಿ, ಸ್ವಲ್ಪ ಜಾಸ್ತಿನೇ ಇಡಿ. ಮ್ಯಾಚ್ ಹಿಂದಿನ ರಾತ್ರಿ ಎಲ್ಲ ಸ್ಕ್ರೂ ಒಂದು ಸಲ ಮುಟ್ಟಿ ನೋಡಿ. 2021ರಲ್ಲಿ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಪಿಸ್ತೂಲೇ ಕ್ವಾಲಿಫಿಕೇಷನ್ ನಡುವೆ ಕೈಕೊಟ್ಟಿತ್ತು, ನಮ್ಮದು ಯಾವ ಲೆಕ್ಕ. ಅವರು 2024ರಲ್ಲಿ ಪ್ಯಾರಿಸ್‌ನಲ್ಲಿ ಎರಡು ಕಂಚು ತಂದರು, ಅದು ಬೇರೆ ಮಾತು.

ಇನ್ನೊಂದು, ಪವರ್ ಜಾಸ್ತಿ ಮಾಡಿಕೊಡುತ್ತೇವೆ ಅಂತ ಯಾರಾದರೂ ಬಂದರೆ ಬಾಗಿಲಲ್ಲೇ ಕಳಿಸಿ. ಹತ್ತು ಮೀಟರ್‌ಗೆ ಅದು ಬೇಕಾಗಿಲ್ಲ, ಕಾನೂನಿನ ತಲೆನೋವು ಬೇರೆ.

ತಿಪಟೂರು ಹೈದ:
ಮೂರು ವಾರ ಆಯಿತು, ವರದಿ ಒಪ್ಪಿಸುತ್ತಿದ್ದೇನೆ. ಹೊಸ ಸ್ಪ್ರಿಂಗ್ ಬಂತು. ಬಟ್ಟು ನಮ್ಮ ಬೀದಿಯ ಅಂಗಡಿಯದ್ದು, ಕೇಳಿದಾಗ ಏನಕ್ಕಪ್ಪಾ ಅಂದರು, ಪಿಸ್ತೂಲಿಗೆ ಅಂದೆ, ಆಮೇಲೆ ಅರ್ಧ ಗಂಟೆ ವಿವರಿಸಬೇಕಾಯಿತು. ಈಗ ಎತ್ತುತ್ತದೆ. ಬೆರಳು ಮರಕ್ಕೆ ತಾಗುತ್ತಿಲ್ಲ. ಗುಂಡು ಕಾರ್ಡಿನ ಕಪ್ಪು ವೃತ್ತದ ಒಳಗೇ ಇದೆ, ಹತ್ತು ಅಂಕದ ಆ 11.5 ಮಿಲಿಮೀಟರ್ ಉಂಗುರಕ್ಕೂ ಹತ್ತು ಗುಂಡಿನಲ್ಲಿ ಮೂರು ನಾಲ್ಕು ಹೋಗುತ್ತಿದೆ. ಸೈಟ್ ಹಳೇ ಜಾಗಕ್ಕೇ ವಾಪಸ್ ತಂದೆ.

ಆದರೆ ಮೊದಲ ಹದಿನೈದು ಗುಂಡು ಚೆನ್ನಾಗಿ ಹೋಗಿ ಆಮೇಲೆ ಮೇಲೆ ಕೆಳಗೆ ಉದ್ದಕ್ಕೆ ಚದುರುತ್ತಿದೆ.

ಶಿಡ್ಲಘಟ್ಟ ಮೇಡಂ:
ಗಾಳಿ ತುಂಬಿ ಎಷ್ಟು ಹೊತ್ತಿಗೆ ಹೊಡೆಯುತ್ತೀರಿ? ಒತ್ತಿದ ಗಾಳಿ ಬಿಸಿ ಆಗಿರುತ್ತದೆ, ಆರಿದಂತೆ ಒತ್ತಡ ಇಳಿಯುತ್ತದೆ. ಒಂದನ್ನು ಹತ್ತು ಸೆಕೆಂಡಿಗೆ, ಇನ್ನೊಂದನ್ನು ಒಂದು ನಿಮಿಷಕ್ಕೆ ಹೊಡೆದರೆ ಎರಡೂ ಒಂದೇ ವೇಗದಲ್ಲಿ ಹೋಗುವುದಿಲ್ಲ. ಪ್ರತಿ ಸಲ ಅಷ್ಟೇ ಹೊತ್ತು ಬಿಡಿ. ಲಿವರ್ ಎಡಗೈಯಲ್ಲಿ ಒತ್ತಿ, ಹೊಡೆಯುವ ಕೈ ಸುಸ್ತಾಗಬಾರದು, ಮ್ಯಾಚ್‌ನಲ್ಲಿ 60 ಗುಂಡು ಇದೆ.

ತಿಪಟೂರು ಹೈದ:
ಅಯ್ಯೋ, ನಾನು ಇಷ್ಟು ದಿನ ಬಲಗೈಯಲ್ಲೇ ಒತ್ತುತ್ತಿದ್ದೆ. ನಾಳೆ ಬೆಳಿಗ್ಗೆ ಎಡಗೈಯಲ್ಲಿ ಒತ್ತಿ ನೋಡಿ ಹೇಳುತ್ತೇನೆ ಅಕ್ಕ.