ಜಿಟಿಜಿಟಿ ಮಳೆಗೂ ಸೈಕ್ಲೋನ್, ಊರು ಕೊಚ್ಚಿಕೊಂಡು ಹೋಗೋ ಗಾಳಿಗೂ ಸೈಕ್ಲೋನ್. ಈ ಪದಕ್ಕೆ ಸರಿಯಾದ ಅರ್ಥ ಯಾವುದು?

ಮುಳಬಾಗಿಲು ಮೇಷ್ಟ್ರು ಕೇಳಿದ್ದು:

ಮುಳಬಾಗಿಲಿನ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ನಮ್ಮ ಕಡೆ ಕಾರ್ತೀಕದಲ್ಲಿ ಮೋಡ ಮುಚ್ಚಿಕೊಂಡು ಎರಡು ದಿನ ಜಿಟಿಜಿಟಿ ಮಳೆ ಹಿಡಿದರೆ ಸಾಕು, ‘ಸೈಕ್ಲೋನ್ ಹಿಡ್ಕೊಂಡೈತೆ’ ಅಂತಾರೆ. ಗುಡುಗಿಲ್ಲ, ಸಿಡಿಲಿಲ್ಲ, ಗಾಳಿಯೂ ಅಷ್ಟಕ್ಕಷ್ಟೇ. ಕೊಯ್ದು ಹಾಕಿದ ರಾಗಿ ಹೊಲದಲ್ಲೇ ನೆನೆದು ತೆನೆಯಲ್ಲೇ ಮೊಳಕೆ ಬರುತ್ತೆ, ಅದೇ ದೊಡ್ಡ ನಷ್ಟ. 2024ರ ಡಿಸೆಂಬರ್‌ನಲ್ಲಿ ಫೆಂಗಲ್ ಅನ್ನೋ ಸೈಕ್ಲೋನ್ ಬಂದಾಗ ನಮ್ಮ ಕೋಲಾರ ಜಿಲ್ಲೆಯ ಶಾಲೆಗಳಿಗೆ ರಜೆ ಕೊಟ್ಟಿದ್ದರು.

ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದಳು: ‘ಸಾರ್, ಪುಸ್ತಕದಲ್ಲಿ ಚಂಡಮಾರುತ ಅಂದರೆ ಮರ ಕೀಳೋ ಗಾಳಿ ಅಂತಿದೆ. ನಮ್ಮೂರಲ್ಲಿ ಎಲೆಯೂ ಅಲ್ಲಾಡಲಿಲ್ಲ. ಮತ್ತೆ ಅದಕ್ಯಾಕೆ ಸೈಕ್ಲೋನ್ ಅಂತಾರೆ?’ ಇನ್ನೊಬ್ಬ ಹುಡುಗ, ಅಮೆರಿಕದಲ್ಲಿ ಬಂದರೆ ಹರಿಕೇನ್ ಯಾಕೆ, ಜಪಾನಿನಲ್ಲಿ ಟೈಫೂನ್ ಯಾಕೆ ಅಂದ. ಜಾಗ ಬೇರೆ, ಹೆಸರು ಬೇರೆ ಅಂತ ಸದ್ಯಕ್ಕೆ ಹೇಳಿದ್ದೇನೆ. ಆದರೆ ಆ ಹುಡುಗಿಯ ಪ್ರಶ್ನೆ ಹಾಗೇ ಉಳಿದಿದೆ. ಊರಿನವರು ಹೇಳೋದು ತಪ್ಪು ಅಂತ ಹೇಳಿಬಿಡಲಾ? ತಿಳಿದವರು ದಯವಿಟ್ಟು ಬರೆಯಿರಿ.

---

ಕುಂದಾಪುರದ ಹಡಗಿನವ ಬರೆದದ್ದು:

ಮೇಷ್ಟ್ರೇ, ತಪ್ಪು ಅಂತ ಹೇಳಬೇಡಿ. ನಿಮ್ಮ ಊರಿನವರು ಸರಿಯಾಗಿಯೇ ಹೇಳುತ್ತಿದ್ದಾರೆ.

ನಾನು ಮರ್ಚೆಂಟ್ ನೇವಿಯಲ್ಲಿ ಡೆಕ್ ಆಫೀಸರ್ ಆಗಿದ್ದವನು, ಈಗ ರಿಟೈರ್ ಆಗಿ ಊರಲ್ಲಿದ್ದೇನೆ. ಈ ಪದದ ಮೇಲೆ ನನಗೆ ತುಂಬ ಗೌರವ ಇದೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಸೈಕ್ಲೋನ್ ಇಂಗ್ಲೆಂಡಿನಿಂದ ಬಂದ ಹಳೇ ಪದವಲ್ಲ. ಹುಟ್ಟಿದ್ದು ಕಲ್ಕತ್ತೆಯಲ್ಲಿ, 1840ರ ದಶಕದಲ್ಲಿ. ಹೆನ್ರಿ ಪಿಡ್ಡಿಂಗ್ಟನ್ ಅನ್ನುವವರು ಮಾಡಿದ್ದು. ಅವರು ಮೊದಲು ಹಡಗು ನಡೆಸಿದವರು, ಆಮೇಲೆ ಕಲ್ಕತ್ತೆಯಲ್ಲಿ ನೆಲೆಸಿ ಹಡಗು ಅಪಘಾತಗಳ ವಿಚಾರಣೆ ಮಾಡುವ ಕೋರ್ಟಿನ ಅಧ್ಯಕ್ಷರಾದರು. ಬಿರುಗಾಳಿಗೆ ಸಿಕ್ಕಿ ಉಳಿದು ಬಂದ ಹಡಗುಗಳ ಲಾಗ್ ಪುಸ್ತಕಗಳನ್ನು (ಪ್ರಯಾಣದ ದಿನಚರಿ) ವರ್ಷಗಟ್ಟಲೆ ಕೂಡಿಹಾಕಿ, ಎಷ್ಟು ಗಂಟೆಗೆ ಯಾವ ಹಡಗಿಗೆ ಯಾವ ದಿಕ್ಕಿನ ಗಾಳಿ ಬಿತ್ತು ಅಂತ ನಕ್ಷೆಯ ಮೇಲೆ ಗುರುತು ಹಾಕುತ್ತಿದ್ದರು.

ಅದರಲ್ಲಿ ಒಂದು ಹಡಗಿನ ಕಥೆ ನಿಮ್ಮ ಮಕ್ಕಳಿಗೆ ಹೇಳಲೇಬೇಕು. ಹೆಸರು ಚಾರ್ಲ್ಸ್ ಹೆಡಲ್. 1845ರ ಫೆಬ್ರವರಿಯಲ್ಲಿ ಮಾರಿಷಸ್ ಹತ್ತಿರ ಬಿರುಗಾಳಿಗೆ ಸಿಕ್ಕಿತು. ಆಗಿನ ಕಾಲದ ಕ್ಯಾಪ್ಟನ್‌ಗಳು ಮಾಡುತ್ತಿದ್ದ ಹಾಗೆ ಗಾಳಿಗೆ ಬೆನ್ನು ಕೊಟ್ಟು ಓಡಿಸಿದರು. ದಿನಗಟ್ಟಲೆ ಓಡಿದರೂ ಗಾಳಿ ಬಿಡಲಿಲ್ಲ. ಪಿಡ್ಡಿಂಗ್ಟನ್ ಅದರ ಲಾಗ್ ತೆಗೆದು ಗುರುತು ಹಾಕಿದಾಗ ಗೊತ್ತಾಯಿತು, ಹಡಗು ಬಿರುಗಾಳಿಯ ಒಳಗೇ ಐದು ಸುತ್ತು ಹಾಕಿತ್ತು! ಓಡಿದ್ದು ಸುಮಾರು 1,300 ಮೈಲಿ. ಹೊರಟ ಜಾಗದಿಂದ ನಿಜವಾಗಿ ದೂರ ಹೋಗಿದ್ದು 350 ಮೈಲಿಯಷ್ಟು ಮಾತ್ರ. ಗಾಳಿ ವೃತ್ತದಲ್ಲಿ ತಿರುಗುತ್ತೆ ಅಂತ ಗೊತ್ತಿಲ್ಲದಿದ್ದರೆ ಗಾಳಿಯ ಜೊತೆ ಓಡಿದವನೂ ವೃತ್ತದಲ್ಲೇ ತಿರುಗುತ್ತಾನೆ.

ಆಗ ಇದ್ದ ಹೆಸರುಗಳೆಲ್ಲ, ಗೇಲ್, ಸ್ಟಾರ್ಮ್, ಹರಿಕೇನ್, ಗಾಳಿ ಎಷ್ಟು ಜೋರು ಅನ್ನೋದನ್ನು ಹೇಳುತ್ತಿದ್ದವು. ಯಾವ ಆಕಾರದಲ್ಲಿ ಬೀಸುತ್ತೆ ಅಂತ ಹೇಳುತ್ತಿರಲಿಲ್ಲ. ನಾವಿಕನ ಜೀವ ಉಳಿಸೋದು ಆ ಆಕಾರದ ತಿಳಿವಳಿಕೆ. ಅದಕ್ಕೇ ಪಿಡ್ಡಿಂಗ್ಟನ್ ಗ್ರೀಕ್ ಮೂಲದಿಂದ ಒಂದು ಪದ ಮಾಡಿದರು, ವೃತ್ತ ಅಥವಾ ಸುತ್ತಿಕೊಂಡ ಹಾವಿನ ಸುರುಳಿ ಅನ್ನೋ ಅರ್ಥದಲ್ಲಿ. 1848ರಲ್ಲಿ ನಾವಿಕರಿಗಾಗಿ ಬರೆದ ಪುಸ್ತಕದಲ್ಲಿ ಅದನ್ನು ಮುಂದಿಟ್ಟರು. ಜೋರಾಗಿರಲಿ, ಮೆಲ್ಲಗಿರಲಿ, ಸುತ್ತಿಕೊಂಡು ಬೀಸುವ ಗಾಳಿಗೆಲ್ಲ ಇದೊಂದೇ ಹೆಸರು ಇರಲಿ ಅನ್ನೋದು ಅವರ ಉದ್ದೇಶ.

ಈಗ ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆ ನೋಡಿ. ಸೈಕ್ಲೋನ್ ಅನ್ನೋ ಪದದಲ್ಲಿ ಮರ ಕೀಳೋ ಅರ್ಥ ಮೊದಲಿಗೆ ಇರಲೇ ಇಲ್ಲ. ಪುದುಚೇರಿ ಹತ್ತಿರ ದಡ ಮುಟ್ಟಿದ ಫೆಂಗಲ್‌ನ ಮೋಡಗಳು ನೂರಾರು ಕಿಲೋಮೀಟರ್ ಚಾಚಿಕೊಂಡಿದ್ದವು. ಕೋಲಾರದ ಜಿಟಿಜಿಟಿ ಆ ಸುತ್ತಿನ ಅಂಚು. ರಾಗಿ ನೆನೆಸಿದ್ದು ಅದೇ ಸೈಕ್ಲೋನ್.

ಜೋರಿನ ಲೆಕ್ಕ ಆಮೇಲೆ ಬಂದದ್ದು. ನಮ್ಮ ಹವಾಮಾನ ಇಲಾಖೆ ಗಂಟೆಗೆ 62 ಕಿಲೋಮೀಟರ್ ದಾಟಿದರೆ ಸೈಕ್ಲೋನ್ ಅಂತ ಹೆಸರಿಡುತ್ತೆ. ಅದಕ್ಕಿಂತ ಕಮ್ಮಿ ಇದ್ದರೆ ವಾಯುಭಾರ ಕುಸಿತ. 222 ದಾಟಿದರೆ ಸೂಪರ್ ಸೈಕ್ಲೋನ್. ಅಮೆರಿಕದಲ್ಲಿ ಹರಿಕೇನ್ ಅನ್ನಿಸಿಕೊಳ್ಳಲು ಸುಮಾರು 119 ಕಿಲೋಮೀಟರ್ ಬೇಕು. ಅಂದರೆ ನಮ್ಮಲ್ಲಿ ಸೈಕ್ಲೋನ್ ಅನ್ನಿಸಿಕೊಂಡದ್ದೆಲ್ಲ ಅಲ್ಲಿ ಹರಿಕೇನ್ ಆಗುವುದಿಲ್ಲ. ಆ ಹುಡುಗನಿಗೆ ಇದನ್ನೂ ಹೇಳಿ. ಜಾಗ ಬೇರೆ, ಹೆಸರು ಬೇರೆ ಅನ್ನೋದಂತೂ ನಿಜ. 1994ರಲ್ಲಿ ಜಾನ್ ಅನ್ನೋ ಹರಿಕೇನ್ ಪೆಸಿಫಿಕ್‌ನಲ್ಲಿ 180ನೇ ರೇಖಾಂಶ ದಾಟಿ ಟೈಫೂನ್ ಆಯಿತು, ವಾಪಸ್ ದಾಟಿ ಮತ್ತೆ ಹರಿಕೇನ್ ಆಯಿತು. ಗಾಳಿ ಒಂದೇ.

ಇನ್ನೊಂದು ಮಾತು. ಟಿವಿಯಲ್ಲಿ ‘ಸೈಕ್ಲೋನಿಕ್ ಸರ್ಕ್ಯುಲೇಷನ್’ ಅಂತ ಬಂದ ಕೂಡಲೇ ವಾಟ್ಸಾಪಿನಲ್ಲಿ ‘ಚಂಡಮಾರುತ ಬರ್ತಿದೆ’ ಅಂತ ಹಂಚುತ್ತಾರೆ. ಅದು ಬರೀ ಸುಳಿಗಾಳಿ, ಮಳೆಗಾಲದಲ್ಲಿ ಯಾವಾಗಲೂ ಎಲ್ಲೋ ಒಂದು ಕಡೆ ಇದ್ದೇ ಇರುತ್ತೆ. ಸುಮ್ನೆ ಜನರನ್ನು ಹೆದರಿಸಿದರೆ ನಿಜವಾದ ಎಚ್ಚರಿಕೆ ಬಂದಾಗ ದೋಣಿಯವರು ಕಿವಿಗೆ ಹಾಕಿಕೊಳ್ಳುವುದಿಲ್ಲ. ಇದು ನನಗೆ ನಿಜವಾಗಲೂ ಕೋಪ ತರಿಸುವ ವಿಷಯ.

---

ಗಂಗಾವತಿ ಮಿಲ್ ಫಿಟ್ಟರ್ ಬರೆದದ್ದು:

ಹಡಗಿನ ಸರ್ ಹೇಳಿದ್ದು ಓದಿ ಖುಷಿ ಆಯ್ತು ರೀ. ನಮ್ಮ ರೈಸ್ ಮಿಲ್ಲಿನಾಗೂ ಸೈಕ್ಲೋನ್ ಐತಿ. ತಗಡಿನ ದೊಡ್ಡ ಡಬ್ಬಿ, ಮ್ಯಾಲೆ ದುಂಡಗ, ಕೆಳಗ ಚೂಪ. ಬ್ಲೋವರ್ ಎಳೆದ ಧೂಳು, ಹೊಟ್ಟು ಎಲ್ಲಾ ಮ್ಯಾಲಿನ ಬಾಯಿಯಿಂದ ಅಡ್ಡಕ್ಕ ಒಳಗ ನುಗ್ಗತದ. ಒಳಗ ಗಾಳಿ ಗರಗರ ಸುತ್ತಿದಾಗ ಹೊಟ್ಟು ಗೋಡೆಗೆ ಬಡಿದು ಕೆಳಗ ಜಾರತದ, ಗಾಳಿ ನಡುವಿನ ಪೈಪಿನಿಂದ ಮ್ಯಾಲೆ ಹೋಗತದ. ಕೆಳಗಿನ ಬಾಯಿ ಕಟ್ಟಿಕೊಂಡ್ರ ಅಥವಾ ಅಲ್ಲಿ ಹೊರಗಿನ ಗಾಳಿ ಸೋರಿದ್ರ ಹೊಟ್ಟು ಕೆಳಗ ಬೀಳೂದಿಲ್ಲ, ಎಲ್ಲಾ ಮ್ಯಾಲೆ ಹಾರಿ ಮಿಲ್ ತುಂಬ ಧೂಳೇ ಧೂಳು. ಈ ಹೆಸರು ಯಾಕ ಬಂತು ಅಂತ ಇವತ್ತು ತಿಳೀತು. ಸಿಮೆಂಟ್ ಫ್ಯಾಕ್ಟರಿಯೊಳಗಂತೂ ಇದೇ ಸೈಕ್ಲೋನ್ ಒಂದರ ಮ್ಯಾಲೆ ಒಂದು ಗೋಪುರದಂಗ ನಿಲ್ಲಿಸಿರತಾರ.

---

ಏಮ್ಸ್, ಅಯೋವಾದಿಂದ ಬರೆದದ್ದು:

ನಾನು ಇಲ್ಲಿ ಅಮೆರಿಕಕ್ಕೆ ಓದೋಕೆ ಬಂದಿರೋ ಹಾಸನದ ಹುಡುಗಿ. ನಮ್ಮ ಯೂನಿವರ್ಸಿಟಿಯ ಆಟದ ತಂಡಕ್ಕೆ 1895ರಿಂದಲೂ ‘ಸೈಕ್ಲೋನ್ಸ್’ ಅಂತಲೇ ಹೆಸರು. ಸಮುದ್ರ ಇಲ್ಲಿಂದ ಸಾವಿರ ಕಿಲೋಮೀಟರ್‌ಗಿಂತ ದೂರ. ಹಾಗಾದರೆ ಈ ಹೆಸರು ಎಲ್ಲಿಂದ ಬಂತು ಅಂತ ನನಗೂ ಆಶ್ಚರ್ಯ ಆಗಿತ್ತು. ಆ ಕಾಲದಲ್ಲಿ ಇಲ್ಲಿನ ಜನ ಟಾರ್ನೆಡೋಗೆ, ಅಂದರೆ ನೆಲ ಮುಟ್ಟುವ ದೊಡ್ಡ ಸುಂಟರಗಾಳಿಗೆ, ಸೈಕ್ಲೋನ್ ಅಂತಿದ್ದರಂತೆ. ಮನೆಯ ಪಕ್ಕ ನೆಲ ತೋಡಿ ಮಾಡುವ ಅಡಗುಕೋಣೆಗೂ ಸೈಕ್ಲೋನ್ ಸೆಲ್ಲರ್ ಅಂತಲೇ ಹೆಸರಿತ್ತು. ಕಲ್ಕತ್ತೆಯಲ್ಲಿ ಹುಟ್ಟಿದ ಪದ ಅಂತ ನನ್ನ ರೂಮ್‌ಮೇಟ್‌ಗೆ ಹೇಳಿದೆ, ನಂಬಲೇ ಇಲ್ಲ!

---

ಮುಳಬಾಗಿಲು ಮೇಷ್ಟ್ರು ಬರೆದದ್ದು:

ಎಲ್ಲರಿಗೂ ವಂದನೆಗಳು. ಹಡಗಿನ ಸರ್, ಆಕಾರ ಗೊತ್ತಿದ್ದರೆ ಜೀವ ಉಳಿಯುತ್ತೆ ಅಂದಿರಿ. ಹೇಗೆ? ಮಕ್ಕಳಿಂದ ಮಾಡಿಸಬಹುದಾದ ಏನಾದರೂ ಇದೆಯಾ? ಚಂಡಮಾರುತ ಅನ್ನೋ ಕನ್ನಡ ಪದ ಬಿಟ್ಟು ಸೈಕ್ಲೋನ್ ಅಂತಲೇ ಬರೆಸಲಾ, ಅದನ್ನೂ ಹೇಳಿ.

---

ಕುಂದಾಪುರದ ಹಡಗಿನವ ಬರೆದದ್ದು:

ಎರಡೂ ಬರೆಸಿ ಮೇಷ್ಟ್ರೇ. ಜೋರು ಹೇಳೋಕೆ ಚಂಡಮಾರುತ, ಸುತ್ತು ಹೇಳೋಕೆ ಸೈಕ್ಲೋನ್. ನಮ್ಮ ಕಡೆ ದೋಣಿಯವರು ಈಗಲೂ ತೂಫಾನ್ ಅಂತಲೇ ಅನ್ನೋದು. ಪರೀಕ್ಷೆಗೆ ಯಾವುದು ಬೇಕೋ ಅದು ನಿಮಗೇ ಗೊತ್ತು.

ಜೀವ ಉಳಿಯೋದು ಹೇಗೆ ಅಂದರೆ, ನಮ್ಮ ಉತ್ತರಾರ್ಧ ಗೋಳದಲ್ಲಿ ಈ ಗಾಳಿ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ಸುತ್ತುತ್ತೆ. ಗಾಳಿಗೆ ಮುಖ ಮಾಡಿ ನಿಲ್ಲಿ. ಬಿರುಗಾಳಿಯ ನಡುಭಾಗ ನಿಮ್ಮ ಬಲಗಡೆ, ಸ್ವಲ್ಪ ಹಿಂದಕ್ಕೆ ಇರುತ್ತೆ. ಸೆಟಲೈಟ್ ಇಲ್ಲದ ಕಾಲದಲ್ಲಿ ನಾವಿಕನಿಗೆ ಇದೇ ಕಣ್ಣು. ಜೊತೆಗೆ ಗಾಳಿಯ ಒತ್ತಡ ಅಳೆಯುವ ಬ್ಯಾರೋಮೀಟರ್. ಅದು ಆ ಹೊತ್ತಿಗೆ ಇರಬೇಕಾದ್ದಕ್ಕಿಂತ 3 ಮಿಲಿಬಾರ್ ಇಳಿದರೆ ಎಚ್ಚರ, 5 ಇಳಿದರೆ ಹತ್ತಿರದಲ್ಲೇ ಬಿರುಗಾಳಿ ಇದೆ ಅಂತಲೇ ಲೆಕ್ಕ. ಆಮೇಲೆ ಗಾಳಿಯ ದಿಕ್ಕು ಯಾವ ಕಡೆ ತಿರುಗುತ್ತಾ ಹೋಗುತ್ತೆ ಅಂತ ನೋಡುತ್ತಾ ಇರಬೇಕು. ಬಲಕ್ಕೆ ತಿರುಗುತ್ತಿದ್ದರೆ ನಾವು ಅದರ ಅಪಾಯದ ಅರ್ಧದಲ್ಲಿದ್ದೇವೆ. ಅಲ್ಲಿ ಗಾಳಿ ಹಡಗನ್ನು ಬಿರುಗಾಳಿಯ ದಾರಿಗೇ ತಳ್ಳುತ್ತೆ.

ಮುಂದಿನ ಸಲ ಬಂಗಾಳ ಕೊಲ್ಲಿಯ ಸೈಕ್ಲೋನ್ ಬಂದಾಗ ಮಕ್ಕಳನ್ನು ಬಯಲಲ್ಲಿ ನಿಲ್ಲಿಸಿ, ಆದರೆ ಮಳೆ ಬಿಟ್ಟಿರಬೇಕು, ಸಿಡಿಲು ಇರಬಾರದು. ಅದು ಪುದುಚೇರಿ ಕಡೆ ಇದ್ದರೆ ನಿಮ್ಮಲ್ಲಿ ಗಾಳಿ ಈಶಾನ್ಯದಿಂದ ಬರಬೇಕು. ಈಶಾನ್ಯಕ್ಕೆ ಮುಖ ಮಾಡಿ ಬಲಗೈ ಚಾಚಿದರೆ ಆಗ್ನೇಯ, ಪುದುಚೇರಿಯ ದಿಕ್ಕು. ಮೊಬೈಲಿನ ನಕ್ಷೆ ತೆಗೆದು ಸರಿ ಇದೆಯಾ ನೋಡಲಿ. ಗುಡ್ಡ, ಕಟ್ಟಡ ಅಡ್ಡ ಬಂದರೆ ದಿಕ್ಕು ತಪ್ಪುತ್ತೆ. ಕೆಳಗಿನ ಮೋಡ ಓಡೋ ದಿಕ್ಕು ನೋಡಿದರೆ ಇನ್ನೂ ಒಳ್ಳೆಯದು.

ಪಿಡ್ಡಿಂಗ್ಟನ್ ತಮ್ಮ ಪುಸ್ತಕದ ಜೊತೆ ಆಚೆ ಬದಿ ಕಾಣುವಷ್ಟು ತೆಳ್ಳಗಿನ ಕೊಂಬಿನ ಹಾಳೆಗಳನ್ನು ಕೊಡುತ್ತಿದ್ದರು. ಅದರ ಮೇಲೆ ವೃತ್ತ, ಸುತ್ತ ಗಾಳಿಯ ದಿಕ್ಕು. ನಕ್ಷೆಯ ಮೇಲೆ ಇಟ್ಟು ಸರಿಸಿದರೆ ಹಡಗು ಸುತ್ತಿನ ಯಾವ ಭಾಗದಲ್ಲಿದೆ ಅಂತ ಕ್ಯಾಪ್ಟನ್‌ಗೆ ಕಾಣುತ್ತಿತ್ತು. ಅವರ ಮಾತನ್ನು ಎಲ್ಲರೂ ಕೇಳಲಿಲ್ಲ. ಬಂಗಾಳದ ಮಾತ್ಲಾ ನದಿಯ ದಂಡೆಯಲ್ಲಿ ಹೊಸ ಬಂದರು ಕಟ್ಟಲು ಹೊರಟಾಗ, 1853ರಲ್ಲಿ, ಗವರ್ನರ್ ಜನರಲ್‌ಗೇ ಪತ್ರ ಬರೆದು ಸೈಕ್ಲೋನ್ ತರುವ ಸಮುದ್ರದ ಅಲೆ ಇದನ್ನು ಮುಳುಗಿಸುತ್ತೆ ಅಂತ ಎಚ್ಚರಿಸಿದರು. ಆದರೂ ಪೋರ್ಟ್ ಕ್ಯಾನಿಂಗ್ ಅನ್ನೋ ಆ ಬಂದರು ಕಟ್ಟಿದರು. ಪಿಡ್ಡಿಂಗ್ಟನ್ 1858ರಲ್ಲಿ ತೀರಿಕೊಂಡರು. 1867ರಲ್ಲಿ ಸೈಕ್ಲೋನ್ ಬಂದು ಆ ಬಂದರನ್ನು ಹಾಳುಮಾಡಿತು.

ಕೊಂಬಿನ ಹಾಳೆ ನಿಮ್ಮ ಶಾಲೆಯಲ್ಲೂ ಮಾಡಬಹುದು. ಪುಸ್ತಕಕ್ಕೆ ಹಾಕುವ ಪ್ಲಾಸ್ಟಿಕ್ ಕವರ್ ಸಾಕು. ಮಾರ್ಕರ್‌ನಲ್ಲಿ ಒಂದರೊಳಗೊಂದು ಮೂರು ವೃತ್ತ ಬರೆದು, ಗಡಿಯಾರಕ್ಕೆ ಎದುರಾಗಿ, ಸ್ವಲ್ಪ ಒಳಕ್ಕೆ ವಾಲಿದ ಹಾಗೆ ಬಾಣ ಹಾಕಿಸಿ. ಅದನ್ನು ಅಟ್ಲಾಸಿನ ಬಂಗಾಳ ಕೊಲ್ಲಿಯ ಮೇಲಿಟ್ಟು, ಪತ್ರಿಕೆಯಲ್ಲಿ ಬಂದ ಜಾಗಕ್ಕೆ ದಿನಾ ಸರಿಸುತ್ತಾ ಹೋಗಲಿ, ಮುಳಬಾಗಿಲಿನ ಮೇಲೆ ಯಾವ ಬಾಣ ಬೀಳುತ್ತೆ ಅಂತ ಬರೆದಿಡಲಿ. ಮಾರಿಷಸ್‌ನ ಚಾರ್ಲ್ಸ್ ಹೆಡಲ್ ಕಥೆ ಹೇಳುವಾಗ ಅದೇ ಹಾಳೆಯನ್ನು ಮಗುಚಿ ಇಡಿ. ದಕ್ಷಿಣಾರ್ಧ ಗೋಳದಲ್ಲಿ ಸುತ್ತು ತಿರುಗಾಮುರುಗಾ.