ಮಗ ಒಬ್ಬನೇ ಬಸ್ ಹತ್ತಬಹುದೇ?

(ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡಿಗರ ಆನ್‌ಲೈನ್ ಗುಂಪಿನಿಂದ. ಹೆಸರಿನ ಬದಲು ಹುಟ್ಟೂರು – ಈಗಿರುವ ಊರು.)

ತುಮಕೂರು – ಸನ್ನಿವೇಲ್:
ಎಲ್ಲರಿಗೂ ನಮಸ್ಕಾರ. ಮಗನಿಗೆ 19 ವರ್ಷ, ಡೌನ್ ಸಿಂಡ್ರೋಮ್ ಇದೆ. ಓದುವುದು ಕಷ್ಟ, ಚಿತ್ರ ತೋರಿಸಿದರೆ ಮಾಡುತ್ತಾನೆ. ಎಲ್ ಕಮಿನೋ ರಸ್ತೆಯ 22ನೇ ನಂಬರ್ ಬಸ್ಸಿನಲ್ಲಿ ಸ್ಯಾಂಟಾ ಕ್ಲಾರಾದ ತರಗತಿಗೆ ಒಬ್ಬನೇ ಹೋಗುತ್ತೇನೆಂದು ಹಠ ಹಿಡಿದಿದ್ದಾನೆ. ದಾರಿ ಹೇಳಿಕೊಡುವ ಆ್ಯಪ್ ಇದೆಯಂತೆ. ಯಾರಾದರೂ ಬಳಸಿದ್ದೀರಾ? ತಪ್ಪು ಸ್ಟಾಪಿನಲ್ಲಿ ಇಳಿದುಬಿಟ್ಟರೆ ಎಂದು ನನಗೆ ನಿದ್ದೆಯೇ ಬರುತ್ತಿಲ್ಲ.

ಹಾಸನ – ಫ್ರೀಮಾಂಟ್:
ಏರ್‌ಟ್ಯಾಗ್ ಹಾಕಿ ಮೇಡಂ. ನಮ್ಮ ನಾಯಿಗೆ ಅದನ್ನೇ ಹಾಕಿದ್ದೇವೆ, ಒಮ್ಮೆಯೂ ಕಳೆದುಹೋಗಿಲ್ಲ.

ಉಡುಪಿ – ಸ್ಯಾನ್ ಹೋಸೆ:
ನಾಯಿಯ ಮಾತು ಇಲ್ಲಿ ಬೇಡವಿತ್ತು ಸರ್. ಏರ್‌ಟ್ಯಾಗ್‌ನಿಂದ ಮಗ ಎಲ್ಲಿದ್ದಾನೆಂದು ತಾಯಿಗೆ ತಿಳಿಯುತ್ತದೆ, ಎಲ್ಲಿ ಇಳಿಯಬೇಕೆಂದು ಮಗನಿಗೆ ತಿಳಿಯುವುದಿಲ್ಲ.
ಅಕ್ಕ, ನಮ್ಮ ಮಗಳಿಗೆ ಏಬಲ್‌ಲಿಂಕ್ ಕಂಪನಿಯವರ ವೇಫೈಂಡರ್ ಎಂಬ ಆ್ಯಪ್ ಬಳಸಿದೆವು. ಮೊದಲು ನಾವೇ ಆ ದಾರಿಯಲ್ಲಿ ಹೋಗಿ, ಗುರುತಿನ ಜಾಗಗಳ ಫೋಟೊ ತೆಗೆದು, ಒಂದೊಂದಕ್ಕೂ ನಮ್ಮ ಧ್ವನಿಯನ್ನು ಸೇರಿಸಬೇಕು. ಬಸ್ ಆ ಜಾಗಕ್ಕೆ ಬಂದಾಗ ಜಿಪಿಎಸ್ ಗುರುತಿಸಿ ಫೋಟೊ ತೋರಿಸುತ್ತದೆ, ಮಾತು ಕೇಳಿಸುತ್ತದೆ. ಪೆಟ್ರೋಲ್ ಬಂಕ್ ಬಂತೆಂದರೆ "ಪುಟ್ಟಿ, ಬ್ಯಾಗ್ ಹೆಗಲಿಗೆ ಹಾಕಿಕೋ." ಹಾಸಿಗೆ ಅಂಗಡಿ ಬಂತೆಂದರೆ, ಬಸ್ ನಿಲ್ಲಿಸಲು "ಈಗ ದಾರ ಎಳೆ." ಮೊದಲು ಈ ಎರಡನೆಯದನ್ನು ಸ್ಟಾಪಿಗೆ ತೀರಾ ಹತ್ತಿರ ಇಟ್ಟಿದ್ದೆವು, ಅವಳು ಕೈ ಎತ್ತುವಷ್ಟರಲ್ಲಿ ಬಸ್ ಮುಂದೆ ಹೋಗಿರುತ್ತಿತ್ತು. ಒಂದು ಸಿಗ್ನಲ್ ಹಿಂದಕ್ಕೆ ಸರಿಸಿದ ಮೇಲೆ ಸರಿಹೋಯಿತು. ಆರು ವಾರ ಪಕ್ಕದಲ್ಲಿ ಕುಳಿತೆ, ಆಮೇಲೆ ನಾಲ್ಕು ಸೀಟು ಹಿಂದೆ, ಕೊನೆಗೆ ಕಾರಿನಲ್ಲಿ ಬಸ್ಸಿನ ಬೆನ್ನ ಹಿಂದೆ. ರಸ್ತೆ ಅಗೆದು ಬಸ್ ಬೇರೆ ದಾರಿ ಹಿಡಿದರೆ ಆ್ಯಪ್‌ನ ಆಟ ನಡೆಯುವುದಿಲ್ಲ. ಆಗ "ಇಳಿಯಬೇಡ, ಅಮ್ಮನಿಗೆ ಫೋನ್ ಮಾಡು" ಎಂಬುದೊಂದೇ ಪಾಠ. 2023ರ ಐಒಎಸ್ 17ರಿಂದ ಐಫೋನಿನಲ್ಲಿ ಅಸಿಸ್ಟಿವ್ ಆ್ಯಕ್ಸೆಸ್ ಎಂಬ ಸರಳ ಪರದೆಯ ವ್ಯವಸ್ಥೆ ಇದೆ, ಮನೆಯವರ ಫೋಟೊ ಒತ್ತಿದರೆ ಕರೆ ಹೋಗುತ್ತದೆ. ಪ್ರಯಾಣದ ತರಬೇತಿಯನ್ನು ಐಇಪಿಯಲ್ಲಿ, ಅಂದರೆ ಶಾಲೆಯವರು ಅವನಿಗೆಂದೇ ಮಾಡುವ ಶಿಕ್ಷಣ ಯೋಜನೆಯಲ್ಲಿ, ಬರೆಸಿ, ಕೇಳುವ ಹಕ್ಕು ನಿಮಗಿದೆ.

ಮೈಸೂರು – ಕ್ಯುಪರ್ಟಿನೋ:
ಮೂವತ್ತೊಂದು ವರ್ಷ ಇಲ್ಲಿ ಇದ್ದು ಹೇಳುತ್ತಿದ್ದೇನೆ, ಇಂಥ ಮಗುವನ್ನು ಬಸ್ಸಿಗೆ ಬಿಡುವುದು ತಪ್ಪು. ಮೈಸೂರಿನಲ್ಲಾದರೆ ಕಂಡಕ್ಟರಿಗೆ "ಅಗ್ರಹಾರದಲ್ಲಿ ಇಳಿಸಿಬಿಡಪ್ಪ" ಎಂದರೆ ಸಾಕಿತ್ತು. ಇಲ್ಲಿ ಡ್ರೈವರ್ ತಿರುಗಿಯೂ ನೋಡುವುದಿಲ್ಲ. ಡಾಲರ್ ಬೆನ್ನು ಹತ್ತಿ ಬಂದೆವು, ಈಗ ಮಕ್ಕಳನ್ನು ಫೋನಿನ ಕೈಗೆ ಒಪ್ಪಿಸುತ್ತಿದ್ದೇವೆ. ತಾಯಿಯಾದವಳು ಕೆಲಸ ಬಿಟ್ಟು ಮನೆಯಲ್ಲಿರಬೇಕು, ಇಲ್ಲವೇ ಊರಿಗೆ ಹಿಂದಿರುಗಬೇಕು. ನಿಷ್ಠುರವಾಗಿ ಹೇಳುತ್ತೇನೆ, ಬೇಸರ ಬೇಡ.

ಬೆಂಗಳೂರು – ಪ್ಲೆಸಂಟನ್:
ನೂರಕ್ಕೆ ನೂರು ನಿಜ ಸರ್. ನಾನು ಹನ್ನೆರಡು ವರ್ಷ ಕೆಲಸಕ್ಕೆ ಹೋಗಲಿಲ್ಲ. ಅದಕ್ಕೇ ಇಬ್ಬರು ಮಕ್ಕಳೂ ಇಂದಿಗೂ ಮನೆಯಲ್ಲಿ ಕನ್ನಡವನ್ನೇ ಮಾತನಾಡುತ್ತಾರೆ. ದೊಡ್ಡವಳು ಬರ್ಕ್ಲಿಯಲ್ಲಿದ್ದಾಳೆ.

ಧಾರವಾಡ – ಸ್ಯಾಂಟಾ ಕ್ಲಾರಾ:
ತಂದೆಯಾದವನು ಕೆಲಸ ಬಿಡಬಾರದೇ ಸರ್?

ಮೈಸೂರು – ಕ್ಯುಪರ್ಟಿನೋ:
ಇದೇ ವಿತಂಡವಾದ. ನಾನು ಹೇಳಿದ್ದು ಸಂಸ್ಕಾರದ ಮಾತು. ಮನೆ ಬಾಗಿಲಿಗೆ ಬರುವ ಪ್ಯಾರಾಟ್ರಾನ್ಸಿಟ್ ವ್ಯಾನ್ ಇದೆಯಲ್ಲ, ಅದನ್ನು ಬಳಸಲಿ.

ಉಡುಪಿ – ಸ್ಯಾನ್ ಹೋಸೆ:
ಅದನ್ನು ಮೊದಲೇ ಕಾಯ್ದಿರಿಸಬೇಕು ಸರ್. ಆ ಹುಡುಗ ಕೇಳುತ್ತಿರುವುದು ಬಸ್ಸನ್ನು.

ಶಿವಮೊಗ್ಗ – ಮಿಲ್ಪಿಟಾಸ್:
ಕಂಡಕ್ಟರ್ ಎಂದಿರಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನನ್ನ ತಮ್ಮನಿಗೂ ಹೀಗೆಯೇ. ನಮ್ಮೂರಿನ ಬೆಳಗಿನ ಬಸ್ಸಿನ ಕಂಡಕ್ಟರ್ ಅವನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು, ಸಾಗರದಲ್ಲಿ ಚಿಕ್ಕಪ್ಪನ ಅಂಗಡಿಯ ಎದುರಿಗೇ ಇಳಿಸುತ್ತಿದ್ದರು. ಅವನು ಅಂಗಡಿಯಲ್ಲಿ ಪೊಟ್ಟಣ ಕಟ್ಟುತ್ತಿದ್ದ. ನಾಲ್ಕು ವರ್ಷ ಹೀಗೇ ನಡೆಯಿತು. ಆ ಪುಣ್ಯಾತ್ಮರಿಗೆ ವರ್ಗವಾಯಿತು. ಹೊಸಬರಿಗೆ ಇವನ ಗುರುತಿಲ್ಲ, ಇವನಿಗೆ ಸ್ಟಾಪಿನ ಗುರುತಿಲ್ಲ. ಅಲ್ಲಿಂದ ಮನೆಯಲ್ಲೇ ಇದ್ದಾನೆ, ಈಗ ನಲವತ್ತಾರು. ಬೆಳಿಗ್ಗೆ ಹಾರ್ನ್ ಕೇಳಿದರೆ ಇಂದಿಗೂ ಚಪ್ಪಲಿ ಹಾಕಿಕೊಂಡು ಜಗಲಿಗೆ ಬಂದು ನಿಲ್ಲುತ್ತಾನಂತೆ. ನಾನು ಇಲ್ಲಿಂದ ದುಡ್ಡು ಕಳುಹಿಸುತ್ತೇನೆ, ಅಷ್ಟೇ.

ಬೆಂಗಳೂರು – ಪ್ಲೆಸಂಟನ್:
ಓದಿ ಕಣ್ಣು ತುಂಬಿತು. ಅಂದ ಹಾಗೆ, ಭಾನುವಾರದ ಕನ್ನಡ ಶಾಲೆಗೆ ಹೆಸರು ಕೊಡದವರು ಇಂದೇ ಕೊಡಿ.

ಮೈಸೂರು – ಕ್ಯುಪರ್ಟಿನೋ:
ಒಂದು ಉದಾಹರಣೆಯಿಂದ ಏನೂ ಸಾಬೀತಾಗುವುದಿಲ್ಲ. ಈ ಗುಂಪಿನಲ್ಲಿ ಹಿರಿಯರ ಮಾತಿಗೆ ಬೆಲೆಯಿಲ್ಲವೆಂದಾದರೆ ನಾನು ಬರೆಯುವುದನ್ನೇ ನಿಲ್ಲಿಸುತ್ತೇನೆ.

ಹಾಸನ – ಫ್ರೀಮಾಂಟ್:
ಹಾಗೆನ್ನಬೇಡಿ ಸರ್. ನೀವಿಲ್ಲದೆ ಗುಂಪು ಎಲ್ಲಿದೆ.

(ಇದರ ಕೆಳಗೆ ಊರಿಗೆ ಹಿಂದಿರುಗಬೇಕೇ ಬೇಡವೇ ಎಂಬ ಬಗ್ಗೆ ಐವತ್ತೆರಡು ಉತ್ತರಗಳು.)

ತುಮಕೂರು – ಸನ್ನಿವೇಲ್:
ಉಡುಪಿಯವರೇ, ಇನ್ನೂ ಇದ್ದೀರಾ? ನಿನ್ನೆ ಇಬ್ಬರೂ ಹೋಗಿ ಹನ್ನೊಂದು ಫೋಟೊ ತೆಗೆದೆವು. ಕ್ಯಾಮೆರಾ ಅವನ ಕೈಯಲ್ಲೇ ಇತ್ತು, ಅರ್ಧ ಫೋಟೊಗಳಲ್ಲಿ ಡೋನಟ್ ಅಂಗಡಿಯೇ ಇದೆ. ಧ್ವನಿ ಯಾರದಿರಲಿ? ನಾನು ಹೇಳಿದರೆ "ಗೊತ್ತಮ್ಮ" ಎಂದು ಫೋನನ್ನು ಜೇಬಿಗೆ ಹಾಕುತ್ತಾನೆ.

ಉಡುಪಿ – ಸ್ಯಾನ್ ಹೋಸೆ:
ಇದ್ದೇನೆ ಅಕ್ಕ. ಅವನಿಂದಲೇ ಹೇಳಿಸಿ. ಡೋನಟ್ ಅಂಗಡಿಯ ಫೋಟೊ ಅಳಿಸಬೇಡಿ, ಸ್ಟಾಪಿಗೆ ಅದೇ ಗುರುತಾಗಲಿ.