ಜಿಪಿಎ, ಎಸ್‌ಎಟಿ, ತರಗತಿಯ ರ‍್ಯಾಂಕ್: ಅಮೆರಿಕದ ಕಾಲೇಜುಗಳ ಮೆರಿಟ್ ವಿದ್ಯಾರ್ಥಿವೇತನಕ್ಕೆ ಯಾವುದು ಎಷ್ಟು ಮುಖ್ಯ?

ಪ್ರಶ್ನೆ (ಜಾರ್ಜಿಯಾ ರಾಜ್ಯದಿಂದ ಒಬ್ಬ ತಾಯಿ): ನಮಸ್ಕಾರ ಸರ್. ನಮ್ಮ ಮಗ ಅಟ್ಲಾಂಟಾ ಬಳಿಯ ಸರ್ಕಾರಿ ಹೈಸ್ಕೂಲಿನಲ್ಲಿ 11ನೇ ತರಗತಿಯಲ್ಲಿ ಓದುತ್ತಿದ್ದಾನೆ. ರಿಪೋರ್ಟ್ ಕಾರ್ಡಿನಲ್ಲಿ ಜಿಪಿಎ (ಗ್ರೇಡುಗಳ ಸರಾಸರಿ) ಕಠಿಣ ವಿಷಯಗಳಿಗೆ ಹೆಚ್ಚುವರಿ ಅಂಕ ಸೇರಿಸಿದ ವೆಯ್ಟೆಡ್ ಲೆಕ್ಕದಲ್ಲಿ 4.3, ಸೇರಿಸದ ಅನ್‌ವೆಯ್ಟೆಡ್ ಲೆಕ್ಕದಲ್ಲಿ 3.8 ಎಂದಿದೆ. ಕಾಲೇಜು ಪ್ರವೇಶದ ಪರೀಕ್ಷೆಯಾದ ಎಸ್‌ಎಟಿಯಲ್ಲಿ 1390 ಬಂದಿದೆ. 480 ಮಕ್ಕಳ ಪೈಕಿ ಅವನ ರ‍್ಯಾಂಕ್ 62. ನಮಗೆ ಗ್ರೀನ್ ಕಾರ್ಡ್ ಇದೆ. ಆದರೆ ಆದಾಯ ನೋಡಿ ಕೊಡುವ ನೆರವು ನಮಗೆ ಸಿಗಲಾರದು. ಹಾರ್ವರ್ಡ್, ಯೇಲ್‌ನಂಥ ಐವಿ ಲೀಗ್ ಕಾಲೇಜುಗಳಲ್ಲಿ ಮೆರಿಟ್ ಮೇಲೆ ಅರ್ಧ ಶುಲ್ಕವಾದರೂ ಕಡಿಮೆಯಾಗಬಹುದೇ? ಎಸ್‌ಎಟಿಯನ್ನು ಮತ್ತೊಮ್ಮೆ ಬರೆಸಬೇಕೇ? ರ‍್ಯಾಂಕ್ ಮೇಲೆ ಬರಲೆಂದು ಸುಲಭದ ವಿಷಯಗಳನ್ನು ತೆಗೆದುಕೊಳ್ಳಲು ಹೇಳಬೇಕೇ?

ಉತ್ತರ (ಕಾಲೇಜು ಪ್ರವೇಶ ಸಲಹೆಗಾರ): ನಮಸ್ಕಾರ ಮೇಡಂ. ಮೊದಲು ಐವಿ ಲೀಗ್ ವಿಷಯ. ಅಲ್ಲಿನ ಎಂಟು ವಿಶ್ವವಿದ್ಯಾಲಯಗಳಲ್ಲಿ ಯಾವುದೂ ಮೆರಿಟ್ ವಿದ್ಯಾರ್ಥಿವೇತನ ಕೊಡುವುದಿಲ್ಲ, ಎಂಐಟಿಯೂ ಕೊಡುವುದಿಲ್ಲ. ಅಲ್ಲಿ ದೊರೆಯುವ ನೆರವೆಲ್ಲವೂ ಕುಟುಂಬದ ಆರ್ಥಿಕ ಸ್ಥಿತಿಯನ್ನು ಅಳೆದು ಕೊಡುವಂಥದ್ದು. ಕಾಲೇಜು ತನಗೆ ಬೇಕೆನಿಸಿದ ವಿದ್ಯಾರ್ಥಿ ಬೇರೆಡೆಗೆ ಹೋಗದಿರಲೆಂದು ತನ್ನ ಶುಲ್ಕದಲ್ಲಿ ಬಿಡುವ ರಿಯಾಯಿತಿಯೇ ಬಹುಪಾಲು ಮೆರಿಟ್ ವಿದ್ಯಾರ್ಥಿವೇತನ. ಅರ್ಜಿ ಹಾಕಿದವರೆಲ್ಲ ಮೇಲಿನ ಸಾಲಿನವರೇ ಆಗಿರುವ ಕಡೆ ಅಂಥ ರಿಯಾಯಿತಿಯ ಅಗತ್ಯ ಬೀಳುವುದಿಲ್ಲ. ಹೀಗಾಗಿ ಒಂದೇ ಟ್ರಾನ್ಸ್‌ಕ್ರಿಪ್ಟ್‌ಗೆ (ಹೈಸ್ಕೂಲಿನ ಅಂಕಪಟ್ಟಿಗೆ) ಒಂದು ಕಡೆ ಒಂದು ಡಾಲರೂ ಬಾರದೆ, ಇನ್ನೊಂದು ಕಡೆ ಅರ್ಧ ಶುಲ್ಕವೇ ಮಾಫಿಯಾಗಬಹುದು. ಮಗನ ಅಂಕ ಯಾವ ಕಾಲೇಜಿನ ಸರಾಸರಿಗಿಂತ ಸಾಕಷ್ಟು ಮೇಲಿದೆ ಎಂಬುದನ್ನು ಹುಡುಕುವುದೇ ನಿಮ್ಮ ಮೊದಲ ಕೆಲಸ.

ಇನ್ನು ಜಿಪಿಎ. ರಿಪೋರ್ಟ್ ಕಾರ್ಡಿನ 4.3 ಅನ್ನು ಯಾರೂ ಹಾಗೆಯೇ ಸ್ವೀಕರಿಸುತ್ತಾರೆಂದು ಭಾವಿಸಬೇಡಿ, ಏಕೆಂದರೆ ಒಂದೊಂದು ಶಾಲೆಯೂ ತನ್ನದೇ ರೀತಿಯಲ್ಲಿ ಹೆಚ್ಚುವರಿ ಅಂಕ ಸೇರಿಸುವುದರಿಂದ ಅನೇಕ ಸಂಸ್ಥೆಗಳು ತಾವೇ ಹೊಸದಾಗಿ ಲೆಕ್ಕ ಹಾಕಿಕೊಳ್ಳುತ್ತವೆ. ನಿಮ್ಮ ರಾಜ್ಯವೇ ಇದಕ್ಕೆ ಒಳ್ಳೆಯ ಉದಾಹರಣೆ. ಲಾಟರಿ ಹಣದಿಂದ 1993ರಿಂದ ನಡೆಯುತ್ತಿರುವ ಹೋಪ್ ಎಂಬ ರಾಜ್ಯದ ವಿದ್ಯಾರ್ಥಿವೇತನ ಯೋಜನೆಯಲ್ಲಿ ಇಂಗ್ಲಿಷ್, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಮತ್ತು ವಿದೇಶಿ ಭಾಷೆಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಆನರ್ಸ್ (ಹೆಚ್ಚು ಕಠಿಣ ಮಟ್ಟದ) ತರಗತಿಗಳಿಗೆ ಶಾಲೆ ಸೇರಿಸಿದ್ದ ಹೆಚ್ಚುವರಿಯನ್ನು ತೆಗೆದುಹಾಕುತ್ತಾರೆ. ಎಪಿ, ಅಂದರೆ ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ವಿಷಯದಲ್ಲಿ ಬಿ ಬಂದಿದ್ದರೆ ಅದನ್ನು 3.0 ಎನ್ನುವ ಬದಲು 3.5 ಎಂದು ಎಣಿಸುತ್ತಾರೆ. ಎ ಬಂದಿದ್ದರೆ 4.0ಕ್ಕೇ ನಿಲ್ಲಿಸುತ್ತಾರೆ. ಆರ್ಕೆಸ್ಟ್ರಾ, ವ್ಯಾಯಾಮ, ಚಿತ್ರಕಲೆಗಳಲ್ಲಿ ಬಂದ ಎ ಗ್ರೇಡುಗಳೆಲ್ಲ ಇಲ್ಲಿ ಮರೆಯಾಗುತ್ತವೆ. ಈ ಲೆಕ್ಕದಲ್ಲಿ 3.0 ಇದ್ದರೆ ಹೋಪ್. 3.7 ಇದ್ದು, ಒಂದೇ ಬಾರಿಯ ಪರೀಕ್ಷೆಯಲ್ಲಿ ಎಸ್‌ಎಟಿ 1200 ಅಥವಾ ಅಂಥದೇ ಇನ್ನೊಂದು ಪರೀಕ್ಷೆಯಾದ ಎಸಿಟಿಯಲ್ಲಿ 25 ಬಂದು, ನಿಗದಿತ ಕಠಿಣ ವಿಷಯಗಳನ್ನೂ ಓದಿದ್ದರೆ ಝೆಲ್ ಮಿಲ್ಲರ್ ವಿದ್ಯಾರ್ಥಿವೇತನ. ನಿಮ್ಮ ಮಗ ಪರೀಕ್ಷೆಯ ಭಾಗವನ್ನು ಆಗಲೇ ದಾಟಿದ್ದಾನೆ. ಹೋಪ್ ಲೆಕ್ಕದ ಜಿಪಿಎ ಎಷ್ಟಿದೆ ಎಂದು ಶಾಲೆಯ ಕೌನ್ಸೆಲರ್ ಅವರನ್ನು ಈ ವಾರವೇ ಕೇಳಿ. ಅದು 3.7ರ ಮೇಲಿದ್ದರೆ ಜಾರ್ಜಿಯಾ ಟೆಕ್ ಅಥವಾ ಜಾರ್ಜಿಯಾ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಾಗ ಟ್ಯೂಷನ್ ಶುಲ್ಕದ ಚಿಂತೆ ತಪ್ಪುತ್ತದೆ. ಊಟ ವಸತಿಯ ಖರ್ಚು ಮಾತ್ರ ನಿಮ್ಮದೇ.

ಎಸ್‌ಎಟಿ ಮತ್ತೆ ಬರೆಯುವುದು ಸಾರ್ಥಕವೇ ಎಂಬುದನ್ನು ಅವನು ಅರ್ಜಿ ಹಾಕಲಿರುವ ಕಾಲೇಜುಗಳು ನಿರ್ಧರಿಸಬೇಕು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು ಪ್ರವೇಶಕ್ಕೂ ವಿದ್ಯಾರ್ಥಿವೇತನಕ್ಕೂ ಈ ಅಂಕಗಳನ್ನು ನೋಡುವುದೇ ಇಲ್ಲ. ಇದಕ್ಕೆ ತದ್ವಿರುದ್ಧವಾಗಿ ಅಲಬಾಮಾ ವಿಶ್ವವಿದ್ಯಾಲಯವು ಜಿಪಿಎ ಒಂದು ಬದಿಗೆ, ಪರೀಕ್ಷೆಯ ಅಂಕ ಇನ್ನೊಂದು ಬದಿಗೆ ಇರುವ ಕೋಷ್ಟಕವನ್ನೇ ಪ್ರಕಟಿಸುತ್ತದೆ. ಕೋಷ್ಟಕದ ಯಾವ ಮನೆಯಲ್ಲಿ ನಿಮ್ಮ ಮಗನ ಅಂಕಗಳು ಬೀಳುತ್ತವೋ ಆ ಮೊತ್ತ ಅವನಿಗೆ. ಇಂಥ ಕೋಷ್ಟಕದಲ್ಲಿ ಮುಂದಿನ ಹಂತ 30 ಅಥವಾ 40 ಅಂಕಗಳ ದೂರದಲ್ಲಿದ್ದರೆ ಖಂಡಿತ ಮತ್ತೊಮ್ಮೆ ಬರೆಸಿ, ಏಕೆಂದರೆ ಆ ಕೆಲವೇ ಪ್ರಶ್ನೆಗಳ ಬೆಲೆ ನಾಲ್ಕು ವರ್ಷಗಳೂ ಸಿಗುತ್ತದೆ. ಮೂರು ವರ್ಷಗಳ ಜಿಪಿಎಯನ್ನು ಈಗ ಅಲುಗಾಡಿಸುವುದು ಕಷ್ಟ, ಎಸ್‌ಎಟಿಯನ್ನು ಒಂದು ಬೇಸಿಗೆಯ ಓದಿನಲ್ಲಿ ಮೇಲೆತ್ತಬಹುದು. ಪರೀಕ್ಷೆ ಐಚ್ಛಿಕ ಎಂದು ಹೇಳುವ ಕೆಲವು ಕಾಲೇಜುಗಳಲ್ಲಿ ಆ ವಿನಾಯಿತಿ ಪ್ರವೇಶಕ್ಕೆ ಮಾತ್ರ ಅನ್ವಯಿಸುತ್ತದೆ. ಅವುಗಳ ದೊಡ್ಡ ಮೊತ್ತದ ವಿದ್ಯಾರ್ಥಿವೇತನಗಳಿಗೆ ಅಂಕ ಕಳುಹಿಸಲೇಬೇಕಾಗಬಹುದು.

ಸುಲಭದ ವಿಷಯ ಕೊಡಿಸಿ ರ‍್ಯಾಂಕ್ ಏರಿಸುವ ಯೋಚನೆಯನ್ನು ದಯವಿಟ್ಟು ಬಿಟ್ಟುಬಿಡಿ. ಎಪಿ ಕ್ಯಾಲ್ಕುಲಸ್ ಓದಬಲ್ಲ ಹುಡುಗನನ್ನು ಎ ಗ್ರೇಡಿನ ಆಸೆಗೆ ಅದರಿಂದ ಬಿಡಿಸುವುದನ್ನು ಕಂಡಾಗಲೆಲ್ಲ ನನಗೆ ನಿಜವಾಗಿಯೂ ನೋವಾಗುತ್ತದೆ. ಪ್ರವೇಶಾಧಿಕಾರಿ ಟ್ರಾನ್ಸ್‌ಕ್ರಿಪ್ಟ್ ಓದುವಾಗ, ಆ ಶಾಲೆಯಲ್ಲಿ ಯಾವ ಯಾವ ಕಠಿಣ ವಿಷಯಗಳಿದ್ದವು ಎಂಬುದನ್ನು ಹೇಳುವ ಶಾಲಾ ಪ್ರೊಫೈಲ್ ಕೂಡ ಪಕ್ಕದಲ್ಲೇ ಇರುತ್ತದೆ. ಅಲ್ಲದೆ ಇಂದು ಬಹಳಷ್ಟು ಹೈಸ್ಕೂಲುಗಳು ರ‍್ಯಾಂಕ್ ಕೊಡುವುದನ್ನೇ ನಿಲ್ಲಿಸಿವೆ, ಹಾಗಾಗಿ ಹೆಚ್ಚಿನ ಕಾಲೇಜುಗಳು ಅದೊಂದನ್ನೇ ಆಧಾರವಾಗಿ ಇಟ್ಟುಕೊಳ್ಳಲಾರವು.

ಕಾಲೇಜುಗಳ ಪಟ್ಟಿ ಮಾಡುವಾಗ ಪ್ರತಿಯೊಂದರ ಹೆಸರಿನೊಂದಿಗೆ ‘ಕಾಮನ್ ಡೇಟಾ ಸೆಟ್’ ಎಂದು ಹುಡುಕಿ. ಕಾಲೇಜು ತನ್ನ ಪ್ರವೇಶ ಮತ್ತು ನೆರವಿನ ಅಂಕಿಅಂಶಗಳನ್ನು ಪ್ರಕಟಿಸುವ ಆ ದಾಖಲೆಯ ಸಿ7 ಭಾಗದಲ್ಲಿ ವಿಷಯಗಳ ಕಾಠಿಣ್ಯ, ರ‍್ಯಾಂಕ್, ಜಿಪಿಎ, ಪರೀಕ್ಷೆಯ ಅಂಕ ಇವುಗಳಲ್ಲಿ ಯಾವುದು ಆ ಕಾಲೇಜಿನ ಪ್ರವೇಶಕ್ಕೆ ಬಹುಮುಖ್ಯ, ಯಾವುದು ಗಣನೆಗೇ ಇಲ್ಲ ಎಂಬುದು ಗುರುತಿನೊಂದಿಗೆ ಕಾಣುತ್ತದೆ. ಎಚ್2ಎ ಭಾಗವಂತೂ ನಿಮ್ಮಂಥ ಕುಟುಂಬಗಳಿಗೆ ಅತ್ಯಂತ ಉಪಯುಕ್ತ: ಆರ್ಥಿಕ ಅಗತ್ಯವಿಲ್ಲದ ಎಷ್ಟು ವಿದ್ಯಾರ್ಥಿಗಳಿಗೆ ಕಾಲೇಜು ಹಣ ಕೊಟ್ಟಿತು, ಸರಾಸರಿ ಎಷ್ಟು ಕೊಟ್ಟಿತು ಎಂಬ ಎರಡು ಸಂಖ್ಯೆಗಳು ಅಲ್ಲಿವೆ. ಅಲ್ಲಿ ಸೊನ್ನೆಯಿದ್ದರೆ ಆ ಕಾಲೇಜಿನಿಂದ ಮೆರಿಟ್ ಹಣದ ನಿರೀಕ್ಷೆ ಬೇಡ.

ಪ್ರಶ್ನೆ (ಟೆಕ್ಸಸ್‌ನಿಂದ ಒಬ್ಬ ತಂದೆ): ಸರ್, ನಮ್ಮದು ಎಚ್‌-1ಬಿ ಉದ್ಯೋಗ ವೀಸಾ, ಮಗಳದು ಅವಲಂಬಿತರ ಎಚ್‌-4 ವೀಸಾ. ಶಾಲೆಯಲ್ಲಿ ಅವಳೇ ಮೊದಲ ಸ್ಥಾನದಲ್ಲಿದ್ದಾಳೆ. ರ‍್ಯಾಂಕ್‌ಗೆ ಅಷ್ಟು ಮಹತ್ವವಿಲ್ಲ ಎಂಬುದು ನಮ್ಮಲ್ಲಿಯೂ ನಿಜವೇ?

ಉತ್ತರ: ನಿಮ್ಮ ರಾಜ್ಯದಲ್ಲಿ ರ‍್ಯಾಂಕ್‌ಗೆ ತೂಕವಿದೆ. 1997ರ ಕಾನೂನಿನ ಪ್ರಕಾರ ತರಗತಿಯ ಮೇಲಿನ ಶೇ. 10ರಷ್ಟು ಮಕ್ಕಳಿಗೆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ನೇರ ಪ್ರವೇಶವಿದೆ. ಆಸ್ಟಿನ್‌ನಲ್ಲಿರುವ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ಮಾತ್ರ ಈ ಮಿತಿಯನ್ನು ಬಿಗಿಗೊಳಿಸುತ್ತ ಬಂದು 2026ರ ಪ್ರವೇಶಕ್ಕೆ ಶೇ. 5ಕ್ಕೆ ಇಳಿಸಿದ್ದಾರೆ. ಆದರೆ ಇದು ಸೀಟಿನ ಭರವಸೆ, ಹಣದ್ದಲ್ಲ. ಹಣದ ವಿಷಯದಲ್ಲಿ, ಮಾನ್ಯತೆ ಪಡೆದ ಹೈಸ್ಕೂಲಿನಲ್ಲಿ ಮೊದಲ ರ‍್ಯಾಂಕ್ ಪಡೆದವರಿಗೆ ಮೊದಲ ವರ್ಷದ ಎರಡು ಸೆಮಿಸ್ಟರುಗಳ ಟ್ಯೂಷನ್ ಮಾಫಿ ಮಾಡಲು ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಕಾನೂನಿನಲ್ಲಿ ಅವಕಾಶವಿದೆ. ಇದರ ಬಗ್ಗೆ ಪ್ರಾಂಶುಪಾಲರ ಕಚೇರಿಯಲ್ಲೂ ವಿಶ್ವವಿದ್ಯಾಲಯದಲ್ಲೂ ಬರಹದ ಮೂಲಕವೇ ವಿಚಾರಿಸಿ. ಎಚ್‌-4 ಮಕ್ಕಳಿಗೆ ಫೆಡರಲ್ (ಕೇಂದ್ರ ಸರ್ಕಾರದ) ನೆರವು ಸಿಗುವುದಿಲ್ಲವಾದರೂ ಕಾಲೇಜುಗಳು ತಮ್ಮ ಸ್ವಂತ ನಿಧಿಯಿಂದ ಕೊಡುವ ಮೆರಿಟ್ ಹಣಕ್ಕೆ ಬಹಳ ಕಡೆ ಅಡ್ಡಿಯಿಲ್ಲ. ಅವಳನ್ನು ಸ್ಥಳೀಯ ವಿದ್ಯಾರ್ಥಿಯೆಂದು ಎಣಿಸುತ್ತಾರೋ ಅಂತರರಾಷ್ಟ್ರೀಯಳೆಂದೋ ಎಂಬುದು ಕಾಲೇಜಿನಿಂದ ಕಾಲೇಜಿಗೆ ಬದಲಾಗುತ್ತದೆ, ಅರ್ಜಿಗೆ ಮುನ್ನವೇ ಕೇಳಿಕೊಳ್ಳಿ.

ಪ್ರಶ್ನೆ (ಬೆಂಗಳೂರಿನಿಂದ ಒಬ್ಬ ತಾಯಿ): ಅಣ್ಣನ ಮನೆ ನ್ಯೂಜೆರ್ಸಿಯಲ್ಲಿದೆ, ಮಗಳನ್ನು ಅಲ್ಲಿಗೆ ಪದವಿಗೆ ಕಳುಹಿಸುವ ಆಲೋಚನೆ. ಅವಳು ಮೊದಲ ಪಿಯುಸಿಯಲ್ಲಿದ್ದಾಳೆ, ಎಸ್‌ಎಸ್‌ಎಲ್‌ಸಿಯಲ್ಲಿ 625ಕ್ಕೆ 607. ದ್ವಿತೀಯ ಪಿಯುಸಿಯಲ್ಲಿ ಚೆನ್ನಾಗಿ ಅಂಕ ತೆಗೆದರೆ ಸಾಕಲ್ಲವೇ?

ಉತ್ತರ: ಸಾಲದು ಮೇಡಂ, ಮತ್ತು ಇದನ್ನು ನೀವು ಈಗಲೇ ಕೇಳಿದ್ದು ಬಹಳ ಒಳ್ಳೆಯದಾಯಿತು. ಅಮೆರಿಕದ ಕಾಲೇಜುಗಳು 9ರಿಂದ 12ರವರೆಗಿನ ನಾಲ್ಕೂ ವರ್ಷಗಳ ಅಂಕಪಟ್ಟಿ ಕೇಳುತ್ತವೆ. ಮೆರಿಟ್ ವಿದ್ಯಾರ್ಥಿವೇತನದ ಅರ್ಜಿಗಳ ಗಡುವು ಹಲವೆಡೆ ನವೆಂಬರ್, ಡಿಸೆಂಬರ್ ತಿಂಗಳಲ್ಲೇ ಮುಗಿಯುತ್ತದೆ. ನಿಮ್ಮ ದ್ವಿತೀಯ ಪಿಯುಸಿ ಫಲಿತಾಂಶ ಬರುವುದು ಏಪ್ರಿಲ್ ಹೊತ್ತಿಗೆ. ಅಂದರೆ ಹಣದ ತೀರ್ಮಾನವಾಗುವಾಗ ಅವರ ಮುಂದೆ ಇರುವುದು 9ನೇ ತರಗತಿ, ಎಸ್‌ಎಸ್‌ಎಲ್‌ಸಿ, ಮೊದಲ ಪಿಯುಸಿ ಅಂಕಗಳು ಮತ್ತು ಅವಳ ಪಿಯು ಕಾಲೇಜು ಕೊಡುವ ನಿರೀಕ್ಷಿತ ಅಂಕಗಳು ಮಾತ್ರ. ನಮ್ಮಲ್ಲಿ ಬಹಳ ಮನೆಗಳಲ್ಲಿ ವಿಶ್ರಾಂತಿಯ ವರ್ಷವೆಂದು ಪರಿಗಣಿಸುವ ಮೊದಲ ಪಿಯುಸಿಯೇ ಇಲ್ಲಿ ನಿರ್ಣಾಯಕ. ಶೇಕಡಾವಾರನ್ನು ನೀವಾಗಿ ಜಿಪಿಎಗೆ ಪರಿವರ್ತಿಸಲು ಹೋಗಬೇಡಿ, ಅಂಕಪಟ್ಟಿ ಇದ್ದಂತೆಯೇ ಕಳುಹಿಸಿ. ರಾಜ್ಯದ ಬೋರ್ಡಿನ ಅಂಕಗಳ ಪರಿಚಯವಿಲ್ಲದ ಅಧಿಕಾರಿಗೆ ಎಸ್‌ಎಟಿ ಒಂದು ಪರಿಚಿತ ಅಳತೆಯಾಗುವುದರಿಂದ, ಐಚ್ಛಿಕವಾಗಿದ್ದರೂ ಅವಳು ಅದನ್ನು ಬರೆಯಲಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಪ್ರಶ್ನೆ (ಮೊದಲಿನ ತಾಯಿ): ತುಂಬ ಧನ್ಯವಾದಗಳು ಸರ್. ಒಮ್ಮೆ ಸಿಕ್ಕಿದ ವಿದ್ಯಾರ್ಥಿವೇತನ ನಾಲ್ಕೂ ವರ್ಷ ಉಳಿಯುತ್ತದೆಯೇ?

ಉತ್ತರ: ಕಾಲೇಜಿನ ಜಿಪಿಎ ಉಳಿಸಿಕೊಂಡರೆ ಮಾತ್ರ. ಝೆಲ್ ಮಿಲ್ಲರ್‌ಗೆ 3.3, ಹೋಪ್‌ಗೆ 3.0 ಬೇಕು, ಅದನ್ನು 30, 60, 90 ಕ್ರೆಡಿಟ್ ಗಂಟೆಗಳ (ಓದಿದ ಪಾಠದ ಪ್ರಮಾಣದ ಅಳತೆ) ಹಂತಗಳಲ್ಲಿ ಪರಿಶೀಲಿಸುತ್ತಾರೆ. ಖಾಸಗಿ ಕಾಲೇಜುಗಳ ಪತ್ರದಲ್ಲಿ ಷರತ್ತು ಬೇರೆಯೇ ಇರುತ್ತದೆ. ಎಂಜಿನಿಯರಿಂಗ್‌ನ ಮೊದಲ ವರ್ಷದಲ್ಲಿ ರಸಾಯನಶಾಸ್ತ್ರ, ಕ್ಯಾಲ್ಕುಲಸ್ ಎರಡರಲ್ಲೂ ಗ್ರೇಡ್ ಜಾರುವುದು ಸಾಮಾನ್ಯ, ಆದ್ದರಿಂದ 3.5 ಕೇಳುವ ದೊಡ್ಡ ಮೊತ್ತಕ್ಕಿಂತ 3.0 ಕೇಳುವ ಸ್ವಲ್ಪ ಸಣ್ಣ ಮೊತ್ತ ಕೆಲವೊಮ್ಮೆ ಹೆಚ್ಚು ಸುರಕ್ಷಿತ. ಜಿಪಿಎ ಕುಸಿದರೆ ಸುಧಾರಿಸಿಕೊಳ್ಳಲು ಒಂದು ಸೆಮಿಸ್ಟರಿನ ಅವಕಾಶ ಕೊಡುತ್ತಾರೆಯೇ, ಪ್ರತಿವರ್ಷ ಶುಲ್ಕ ಏರಿದಂತೆ ವಿದ್ಯಾರ್ಥಿವೇತನವೂ ಏರುತ್ತದೆಯೇ, ಹೊರಗಿನ ಸಂಸ್ಥೆಯಿಂದ ಬೇರೆ ಹಣ ಬಂದರೆ ತಾವು ಕೊಟ್ಟದ್ದನ್ನು ಕಡಿತ ಮಾಡುತ್ತಾರೆಯೇ ಎಂಬ ಮೂರು ಪ್ರಶ್ನೆಗಳಿಗೆ, ಕಾಲೇಜಿಗೆ ಒಪ್ಪಿಗೆ ಕೊಟ್ಟು ಮುಂಗಡ ಕಟ್ಟುವ ಮೊದಲೇ ಆರ್ಥಿಕ ನೆರವಿನ ಕಚೇರಿಯಿಂದ ಇಮೇಲ್‌ನಲ್ಲಿ ಉತ್ತರ ಪಡೆದುಕೊಳ್ಳಿ.